ಕ್ರ್ಯಾಂಕ್‌ಸೆಟ್ ಬದಲಿಸಿದ ಕತೆ: 50/34ರಿಂದ 46/30ಕ್ಕೆ, 170ರಿಂದ 165ಕ್ಕೆ

ಸೈಕಲ್ಲಿಗೆ ಹೊಸ ಕ್ರ್ಯಾಂಕ್‌ಸೆಟ್ ಹಾಕಿಸಬೇಕು, ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನೀಗ ತಿರುಗಿ ಕೇಳುವುದು ಒಂದೇ ಪ್ರಶ್ನೆ: ನೀವು ಹತ್ತುವ ಅತಿ ಕಡಿದಾದ ಏರಿನಲ್ಲಿ ನಿಮ್ಮ ವೇಗ ಎಷ್ಟು? ಕಂಪನಿ, ಬಣ್ಣ, ತೂಕ ಎಲ್ಲ ಆಮೇಲೆ. ಈ ಒಂದು ಸಂಖ್ಯೆ ಕೈಯಲ್ಲಿಲ್ಲದೆ ಅಂಗಡಿಗೆ ಹೋದರೆ ಅಲ್ಲಿ ಏನಿದೆಯೋ ಅದನ್ನೇ ಕಟ್ಟಿ ಕಳಿಸುತ್ತಾರೆ. ನನ್ನ ಕೆಲಸ ಮಳೆಗಾಲದ ಆರಂಭದಲ್ಲಿ ಶುರುವಾಗಿ ದೀಪಾವಳಿ ಹೊತ್ತಿಗೆ ಮುಗಿಯಿತು. "ಇಷ್ಟು ಹೊತ್ತಿಗೆ ಹೊಸ ಸೈಕಲ್ಲೇ ಬಂದಿರೋದು" ಎಂದು ನಮ್ಮ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ನಿಮ್ಮದು ಇಷ್ಟು ಎಳೆಯದಿರಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು: ಕ್ರ್ಯಾಂಕ್‌ಸೆಟ್ ಅಂದರೆ ಪೆಡಲ್ ಕೂರುವ ಎರಡು ತೋಳುಗಳು ಮತ್ತು ಬಲತೋಳಿಗೆ ಸೇರಿಕೊಂಡಿರುವ ಮುಂದಿನ ಹಲ್ಲುಚಕ್ರಗಳು. ಹಳೇ ಸೈಕಲ್ ಅಂಗಡಿಗಳಲ್ಲಿ ಚೈನ್ ವೀಲ್ ಎಂದು ಕೇಳಿದರೆ ಗೊತ್ತಾಗುತ್ತದೆ. 50/34 ಅಂದರೆ ದೊಡ್ಡ ಚಕ್ರಕ್ಕೆ 50 ಹಲ್ಲು, ಚಿಕ್ಕದಕ್ಕೆ 34. 170, 165 ಅಂದರೆ ತೋಳಿನ ಉದ್ದ, ಮಿಲಿಮೀಟರಿನಲ್ಲಿ.

ಆದದ್ದು ಇಷ್ಟು. ಸರ್ವೀಸ್ ಮಾಡಿಸಿ ತಂದ ಮೇಲೆ ಎಡ ಪೆಡಲ್ ಸ್ವಲ್ಪ ಅಲುಗುತ್ತಿತ್ತು. ರಾಜಾನುಕುಂಟೆ ದಾಟಿದ ಮೇಲೆ ಒಂದು ಹಂಪ್‌ನಲ್ಲಿ ಶೂ ಸಮೇತ ಕಿತ್ತು ಬಂತು. ತಿರುಗಿಸಿ ನೋಡಿದರೆ ಪೆಡಲ್ ಆಕ್ಸಲ್‌ನ ಥ್ರೆಡ್ಡುಗಳಲ್ಲಿ ಅಲ್ಯೂಮಿನಿಯಂ ಚೂರು ಸುರುಳಿಯಾಗಿ ಸುತ್ತಿಕೊಂಡಿತ್ತು. ಎಡ ಪೆಡಲ್‌ದು ಉಲ್ಟಾ ಥ್ರೆಡ್, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಅದನ್ನು ಓರೆಯಾಗಿ ಹಿಡಿದು ಸ್ಪ್ಯಾನರ್ ಜೋರಲ್ಲಿ ತಿರುಗಿಸಿದರೆ ಪೆಡಲ್‌ನ ಸ್ಟೀಲು ತೋಳಿನ ಅಲ್ಯೂಮಿನಿಯಂ ಥ್ರೆಡ್ಡನ್ನು ಕೊರೆದು ಹಾಕುತ್ತದೆ. ಸರ್ವೀಸ್ ಮಾಡಿದ ಅಂಗಡಿಯವರು "ಬಂದಾಗ್ಲೇ ಹಂಗಿತ್ತು ಮೇಡಮ್" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಸರ್ವೀಸಿಗೆ ಕೊಡುವ ಮುಂಚೆ ಪೆಡಲ್, ಕ್ರ್ಯಾಂಕ್, ಚೈನಿನ ಫೋಟೊ ತೆಗೆದಿಟ್ಟುಕೊಳ್ಳಿ ಅನ್ನುವುದು ಬಿಟ್ಟರೆ ಇದರಲ್ಲಿ ಹೇಳುವಂಥದ್ದು ಏನಿಲ್ಲ.

ನಮ್ಮ ಭಾವನಿಗೆ ಪೀಣ್ಯದಲ್ಲಿ ಸಣ್ಣದೊಂದು ಲೇತ್ ಶೆಡ್ ಇದೆ. ತೋಳನ್ನು ನೋಡಿದವರೇ "ಹೆಲಿಕಾಯಿಲ್ ಹಾಕಿ ಕೊಡ್ತೀನಿ ಬಿಡು" ಎಂದರು. ಹಾಳಾದ ತೂತನ್ನು ಸ್ವಲ್ಪ ದೊಡ್ಡದು ಮಾಡಿ ಒಳಗೆ ಸ್ಟೀಲಿನ ಹೊಸ ಥ್ರೆಡ್ ಕೂರಿಸುವ ವಿಧಾನ ಅದು. ಒಳ್ಳೆಯ ಉಪಾಯವೇ. ನಿಮ್ಮ ಕ್ರ್ಯಾಂಕ್‌ಸೆಟ್ ಬೇರೆಲ್ಲ ರೀತಿಯಲ್ಲಿ ಚೆನ್ನಾಗಿದ್ದರೆ ಅಷ್ಟೇ ಮಾಡಿಸಿ, ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ನನ್ನದರಲ್ಲಿ ಚಿಕ್ಕ ಚಕ್ರದ ಹಲ್ಲುಗಳೂ ಸವೆದು ಒಂದೇ ಕಡೆಗೆ ಬಾಗಿ ಚೂಪಾಗಿದ್ದವು. ಆರಂಭಿಕ ಬೆಲೆಯ ಬೈಕುಗಳಲ್ಲಿ ಆಗುವಂತೆ ಚಕ್ರಗಳನ್ನು ತೋಳಿಗೆ ರಿವೆಟ್ ಹೊಡೆದು ಕೂರಿಸಿದ್ದರು. ಒಂದನ್ನೇ ಬಿಚ್ಚಿ ಬದಲಿಸುವ ಹಾಗಿಲ್ಲ. ಮೇಲಾಗಿ ಮಂಡಿ ನೋವು. ಮಂಡಿಚಿಪ್ಪಿನ ಕೆಳಗೆ, ಬೆಟ್ಟ ಹತ್ತಿದ ಮರುದಿನ, ಮೆಟ್ಟಿಲು ಇಳಿಯುವಾಗ. ಡಾಕ್ಟರು "ಸೈಕಲ್ ಬಿಡಿ ಅನ್ನಲ್ಲ, ಭಾರದ ಗೇರ್ ತುಳಿಯೋದು ಬಿಡಿ" ಎಂದಿದ್ದರು. ಹೇಗೂ ಬದಲಿಸುವುದಾದರೆ ನನ್ನ ಕಾಲಿಗೆ ಹೊಂದುವುದನ್ನೇ ಹಾಕಿಸೋಣ ಅಂತ ತೀರ್ಮಾನಿಸಿದೆ. ಅಲ್ಲಿಯವರೆಗೆ ಓಡಿಸಲು ಬರೀ ಎಡತೋಳನ್ನು ಕೊಂಡು ಹಾಕಿಕೊಂಡೆ. ಬಲತೋಳಿನಷ್ಟೇ ಉದ್ದದ್ದು ಕೇಳಿದರೆ ಬಿಡಿಯಾಗಿ ಸಿಗುತ್ತದೆ.

ಈಗ ಲೆಕ್ಕ. ಇದನ್ನು ಬಿಟ್ಟು ಮುಂದೆ ಓದಬೇಡಿ.

ಯಲಹಂಕದ ಕಡೆಯವರಿಗೆ ಬೆಟ್ಟ ಅಂದರೆ ನಂದಿಯೇ. 1,478 ಮೀಟರ್ ಎತ್ತರ. ಕಾರಹಳ್ಳಿ ಕ್ರಾಸ್ ದಾಟಿದ ಮೇಲೆ ತಿರುವುಗಳಿಗೆ ಬರೆದಿರುವ ನಂಬರ್ 40ರವರೆಗೂ ಹೋಗುತ್ತದೆ. ಮೊದಲ ಭಾಗ ಹೇಗೋ ಸಾಗುತ್ತದೆ. ಕೊನೆಯ ತಿರುವುಗಳಲ್ಲಿ ಏರು ನೂರಕ್ಕೆ ಹತ್ತರ ಹತ್ತಿರ ಬರುತ್ತದೆ. ಅಲ್ಲಿ ನನ್ನ ವೇಗ ಗಂಟೆಗೆ 7 ಕಿಲೋಮೀಟರ್. ನನ್ನ ತೂಕಕ್ಕೂ ಉಸಿರಿಗೂ ಅದೇ ಮಿತಿ. ಯಾವ ಗೇರ್ ಹಾಕಿದರೂ ಅದು 10 ಆಗುವುದಿಲ್ಲ. ಗೇರ್ ಬದಲಾಯಿಸಬಹುದಾದದ್ದು ಆ ವೇಗದಲ್ಲಿ ಒಂದು ನಿಮಿಷಕ್ಕೆ ನನ್ನ ಕಾಲು ಎಷ್ಟು ಸಲ ಸುತ್ತುತ್ತದೆ ಅನ್ನುವುದನ್ನು ಮಾತ್ರ.

ಗಂಟೆಗೆ 7 ಕಿಮೀ ಅಂದರೆ ನಿಮಿಷಕ್ಕೆ ಸುಮಾರು 117 ಮೀಟರ್. 28 ಮಿಮೀ ಟಯರ್ ಹಾಕಿದ 700 ಸೈಜಿನ ಗಾಲಿ ಒಂದು ಸುತ್ತಿಗೆ ಸುಮಾರು 2.13 ಮೀಟರ್ ಉರುಳುತ್ತದೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ 2.13ರಿಂದ ಗುಣಿಸಿದರೆ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂದು ಸಿಗುತ್ತದೆ. ನನ್ನ ಬೈಕಿನ ಅತಿ ಹಗುರ ಗೇರ್ ಮುಂದೆ 34, ಹಿಂದೆ 32: ಒಂದು ಸುತ್ತಿಗೆ 2.26 ಮೀಟರ್. ಆ ಏರಿನಲ್ಲಿ ನಿಮಿಷಕ್ಕೆ 52 ಸುತ್ತು. ಪ್ರತಿ ಸುತ್ತಿನಲ್ಲೂ ಮಂಡಿ ಮೇಲೆ ಒತ್ತಡ ಹಾಕಿ ಸೈಕಲ್ಲನ್ನು ಎತ್ತಿದಂತೆಯೇ. ಹಿಂದಿನ ಕ್ಯಾಸೆಟ್ (ಹಿಂಗಾಲಿಯ ಹಲ್ಲುಚಕ್ರಗಳ ಗೊಂಚಲು) ಒಂದನ್ನೇ, ದೊಡ್ಡ ಚಕ್ರಕ್ಕೆ 34 ಹಲ್ಲಿರುವುದಕ್ಕೆ ಬದಲಿಸಿದರೆ 55. ಮುಂದೆಯೂ 30 ಹಾಕಿದರೆ ಸುತ್ತಿಗೆ 1.88 ಮೀಟರ್, ನಿಮಿಷಕ್ಕೆ 62. ಸಮತಟ್ಟಿನಲ್ಲಿ ನಾನು 75-80ರಲ್ಲಿ ತುಳಿಯುವವಳು. 62 ಅಂದರೆ ಕಷ್ಟವಾದರೂ ಲಯ ಇರುತ್ತದೆ.

ಇಲ್ಲಿ ಒಂದು ಕಿವಿಮಾತು. ನಿಮ್ಮ ಕ್ರ್ಯಾಂಕ್ ಹಾಳಾಗಿಲ್ಲ, ಏರು ಮಾತ್ರ ಕಷ್ಟ ಅನ್ನುವುದಾದರೆ ಮೊದಲು ಹಿಂದಿನ ಕ್ಯಾಸೆಟ್ ಬದಲಿಸಿ ನೋಡಿ. ಕ್ರ್ಯಾಂಕ್‌ಸೆಟ್ಟಿನ ಐದನೇ ಒಂದು ಪಾಲು ದುಡ್ಡಿನಲ್ಲಿ ಆಗುತ್ತದೆ. ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಎಷ್ಟು ದೊಡ್ಡ ಹಲ್ಲುಚಕ್ರ ತಡೆಯುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಂಡರೆ ಸಾಕು. ನನ್ನದು ಶಿಮಾನೊ ಕಂಪನಿಯ ಒಂಬತ್ತು ಸ್ಪೀಡಿನ (ಹಿಂದೆ ಒಂಬತ್ತು ಹಲ್ಲುಚಕ್ರಗಳ) ಸೋರಾ, ಉದ್ದ ಪಂಜರದ್ದು, 34ರವರೆಗೆ ಸರಿ.

"50 ಹಲ್ಲು ಬಿಟ್ಟು 46 ಹಾಕಿದ್ರೆ ಸ್ಪೀಡೇ ಹೋಗ್ಬಿಡುತ್ತೆ" ಎಂದು ಹೆದರಿಸುವವರು ತುಂಬಾ ಜನ ಸಿಗುತ್ತಾರೆ. ಲೆಕ್ಕ ಮಾಡಿ. 50/11ರಲ್ಲಿ, ಅಂದರೆ ಮುಂದೆ 50, ಹಿಂದೆ 11 ಹಾಕಿ, ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 52 ಕಿಮೀ, 46/11ರಲ್ಲಿ 48. ನಾನು 48 ಮುಟ್ಟುವುದು ಇಳಿಜಾರಿನಲ್ಲಿ ಮಾತ್ರ, ಆಗ ನನ್ನ ಎರಡೂ ಕೈ ಬ್ರೇಕಿನ ಮೇಲಿರುತ್ತವೆ. ನಿಜವಾದ ಲಾಭ ಇರುವುದು ನಡುವಿನಲ್ಲಿ. ಹೊಸ ಕ್ಯಾಸೆಟ್ಟಿನ ಒಂಬತ್ತು ಚಕ್ರಗಳಲ್ಲಿ ನಟ್ಟನಡುವಿನದು 20 ಹಲ್ಲಿನದು. 46/20ರಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೆ ಇಪ್ಪತ್ತಮೂರೂವರೆ ಕಿಮೀ ವೇಗ. ದೇವನಹಳ್ಳಿ ಕಡೆ ಎದುರುಗಾಳಿಯಲ್ಲಿ ನಾನು ಹೋಗುವುದೇ ಅಷ್ಟರಲ್ಲಿ. ಮುಂಚೆ ಆ ವೇಗದಲ್ಲಿ 50 ಭಾರ, 34 ಹಗುರ ಅಂತ ಎಡಗೈ ಲಿವರ್ ಒತ್ತುತ್ತಲೇ ಇರಬೇಕಿತ್ತು.

ಮುಂದಿನ ಪ್ರಶ್ನೆ, ಇರುವ ತೋಳಿಗೇ 30 ಹಲ್ಲಿನ ಚಕ್ರ ಹಾಕಬಹುದಲ್ಲ? ಆಗುವುದಿಲ್ಲ. ಚಕ್ರವನ್ನು ಬಿಗಿಯುವ ಬೋಲ್ಟುಗಳು ಒಂದು ವೃತ್ತದ ಮೇಲೆ ಕೂತಿರುತ್ತವೆ. ರೋಡ್ ಬೈಕಿನ ಸಾಮಾನ್ಯ ಕಾಂಪ್ಯಾಕ್ಟ್ (50/34ರಂಥ) ಕ್ರ್ಯಾಂಕ್‌ಗಳಲ್ಲಿ ಆ ವೃತ್ತದ ವ್ಯಾಸ 110 ಮಿಮೀ. 33ಕ್ಕಿಂತ ಚಿಕ್ಕ ಚಕ್ರದ ಹಲ್ಲುಗಳು ಬೋಲ್ಟುಗಳಿಗೇ ತಾಗುತ್ತವೆ. ಹಳೇ 53/39 ಕ್ರ್ಯಾಂಕ್‌ಗಳದು 130 ಮಿಮೀ, ಅಲ್ಲಿ 38ಕ್ಕೇ ನಿಲ್ಲುತ್ತದೆ. 30 ಬೇಕಾದರೆ ಒಳಚಕ್ರಕ್ಕೆ ಬೇರೆ ಚಿಕ್ಕ ವೃತ್ತ ಇರುವ ಕ್ರ್ಯಾಂಕ್ ಬೇಕು. ಶಿಮಾನೊ ಜಿಆರ್‌ಎಕ್ಸ್ ಸಾಲಿನ ಆರ್‌ಎಕ್ಸ್600ರಲ್ಲಿ ಹೊರಗೆ 110, ಒಳಗೆ 80 ಮಿಮೀ, ಹಲ್ಲು 46/30. ನನ್ನ ಲೆಕ್ಕಕ್ಕೆ ಸರಿಯಾಗಿ ಕೂತದ್ದು ಇದು. ದೊಡ್ಡದಕ್ಕೂ ಚಿಕ್ಕದಕ್ಕೂ ವ್ಯತ್ಯಾಸ 50/34ರಂತೆಯೇ 16 ಹಲ್ಲು, ಹಾಗಾಗಿ ಹಿಂದಿನ ಡಿರೇಲರ್ ಚೈನಿನ ಸಡಿಲವನ್ನು ಎಳೆದುಕೊಳ್ಳುವ ಲೆಕ್ಕದಲ್ಲೂ ಹೆಚ್ಚು ಏರುಪೇರಿಲ್ಲ.

ತೋಳಿನ ಉದ್ದದ ವಿಷಯದಲ್ಲಿ ನಾನು ತುಂಬಾ ಹೊತ್ತು ಕಳೆದೆ, ಯಾಕೆಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಎತ್ತರ ಐದಡಿ ಎರಡಿಂಚು. ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ಪುಸ್ತಕ ಒತ್ತಿ ಹಿಡಿದು ನೆಲದಿಂದ ಅಳೆದರೆ ಒಳಗಾಲಿನ ಉದ್ದ 74 ಸೆಂಟಿಮೀಟರ್. ಇದನ್ನು 0.21ರಿಂದ 0.216ರವರೆಗಿನ ಸಂಖ್ಯೆಯಿಂದ ಗುಣಿಸಿ ತೋಳಿನ ಉದ್ದ ಹೇಳುವ ಸೂತ್ರವೊಂದು ಚಾಲ್ತಿಯಲ್ಲಿದೆ. ನನಗೆ ಬಂದದ್ದು 155ರಿಂದ 160 ಮಿಮೀ. ಬೈಕಿನಲ್ಲಿ ಇದ್ದದ್ದು 170. ಅತಿ ಚಿಕ್ಕ ಫ್ರೇಮಿಗೂ ಹಲವು ಕಂಪನಿಗಳು 170ನ್ನೇ ಹಾಕಿ ಮಾರುತ್ತವೆ.

ತೋಳು ಚಿಕ್ಕದಾದರೆ ಬಲ ಕಡಿಮೆಯಾಗುತ್ತದೆ ಅನ್ನುವ ಭಯ ನನಗೂ ಇತ್ತು. ಮಾರ್ಟಿನ್ ಮತ್ತು ಸ್ಪಿರ್ಡುಸೊ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120ರಿಂದ 220 ಮಿಮೀವರೆಗಿನ ತೋಳುಗಳಲ್ಲಿ ಸವಾರರ ಗರಿಷ್ಠ ಶಕ್ತಿ ಅಳೆದಿದ್ದರು. 145 ಮತ್ತು 170ರಲ್ಲಿ ಅತಿ ಹೆಚ್ಚು ಬಂದಿತ್ತು. 120 ಮತ್ತು 220ರ ತುದಿಗಳಲ್ಲಿ ಕೂಡ ಇಳಿದದ್ದು ನೂರಕ್ಕೆ ನಾಲ್ಕರಷ್ಟು ಮಾತ್ರ. ಹಾಗಾದರೆ 5 ಮಿಮೀಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವೃತ್ತಿಪರ ಸೈಕಲ್ ರೇಸರ್ ತದೆಯ್ ಪೊಗಾಚಾರ್ ನನಗಿಂತ ಅಷ್ಟು ಎತ್ತರದವರು, 2024ರಲ್ಲಿ 165ಕ್ಕೆ ಇಳಿದರು. ಆ ವರ್ಷ ಟೂರ್ ಡಿ ಫ್ರಾನ್ಸ್ ಗೆದ್ದರು ಕೂಡ. ಗೆದ್ದದ್ದು ತೋಳಿನಿಂದ ಅನ್ನುತ್ತಿಲ್ಲ. ಚಿಕ್ಕ ತೋಳಿನಿಂದ ಸೋಲಲಿಲ್ಲ ಅನ್ನುವಷ್ಟು ಸಾಕು ನನಗೆ.

ಮಂಡಿಗೆ ಆಗುವ ಉಪಕಾರ ಹೀಗೆ. ತೋಳು 5 ಮಿಮೀ ಚಿಕ್ಕದಾದರೆ ಪಾದ ಕೆಳಗೆ ಬಂದಾಗ 5 ಮಿಮೀ ಮೇಲೆಯೇ ನಿಲ್ಲುತ್ತದೆ, ಅದಕ್ಕೆ ಸೀಟನ್ನು 5 ಮಿಮೀ ಏರಿಸಬೇಕು. ಪಾದ ಮೇಲಿರುವಾಗ ಆ ಎರಡು ಐದೂ ಸೇರಿ ಸೀಟಿಗೂ ಪೆಡಲ್‌ಗೂ 10 ಮಿಮೀ ಹೆಚ್ಚು ಜಾಗ ಸಿಗುತ್ತದೆ. ಮಂಡಿ ಅಷ್ಟು ಕಡಿಮೆ ಮಡಚುತ್ತದೆ. ಚಿಕ್ಕ ಫ್ರೇಮಿನವರಿಗೆ ಇನ್ನೊಂದು ಲಾಭ: ನಿಧಾನವಾಗಿ ತಿರುಗುವಾಗ ಶೂ ತುದಿ ಮುಂದಿನ ಗಾಲಿಗೆ ತಾಗುವುದು ಕಡಿಮೆಯಾಗುತ್ತದೆ. ನಷ್ಟ ಅಂದರೆ ಸನ್ನೆಗೋಲಿನ ಉದ್ದ ನೂರಕ್ಕೆ ಮೂರರಷ್ಟು ಕಡಿಮೆ. ನನ್ನ ಹೊಸ ಗೇರ್ ಹಳೆಯದಕ್ಕಿಂತ ನೂರಕ್ಕೆ ಹದಿನೇಳರಷ್ಟು ಹಗುರ, ಅದರಲ್ಲಿ ಮೂರು ಕಳೆದರೆ ಏನು ಮಹಾ. ಆದರೆ ಗೇರ್ ಬದಲಿಸದೆ ತೋಳು ಮಾತ್ರ ಚಿಕ್ಕದು ಮಾಡಿಕೊಳ್ಳುವವರು ಈ ಮೂರನ್ನು ಏರಿನಲ್ಲಿ ಖಂಡಿತ ಅನುಭವಿಸುತ್ತಾರೆ. ಎರಡನ್ನೂ ಒಟ್ಟಿಗೆ ಯೋಚಿಸಿ.

ಸೂತ್ರ 155-160 ಅಂದಿತಲ್ಲ, 165 ಯಾಕೆ? ಅಂಗಡಿಯಲ್ಲಿ ಇರುವುದು ಅಷ್ಟೇ ಅನ್ನುವುದು ಪ್ರಾಮಾಣಿಕ ಉತ್ತರ. ಶಿಮಾನೊ 105ರ ಹನ್ನೆರಡು ಸ್ಪೀಡಿನ ಸಾಲಿನಲ್ಲಿ 160 ಇದೆ, ಆದರೆ ಅದು 50/34 ಅಥವಾ 52/36. ಉದ್ದ ಸರಿ, ಹಲ್ಲು ತಪ್ಪು. ಮಕ್ಕಳ ಸೈಕಲ್ಲಿನ 152ರ ತೋಳುಗಳಿಗೆ ಬೇಕಾದ ಚಕ್ರಗಳಿಲ್ಲ. ನನಗೆ ಹಗುರ ಗೇರ್ ಮೊದಲು, ಉದ್ದ ಆಮೇಲೆ. "ಇರೋ ತೋಳಿಗೇ ಈಚೆಗೆ ಹೊಸ ತೂತು ಕೊರೆದು ಥ್ರೆಡ್ ಹಾಕ್ತೀನಿ, 160 ಆಗುತ್ತೆ" ಎಂದು ಭಾವ ಮತ್ತೆ ಬಂದರು. ಪೆಡಲ್ ತೂತಿನ ಅಗಲವೇ 14 ಮಿಮೀ ಮೇಲೆ. ಹತ್ತು ಮಿಮೀ ಈಚೆ ಕೊರೆದರೆ ಎರಡು ತೂತೂ ಸೇರಿ ಒಂದಾಗುತ್ತವೆ. ಕ್ಯಾಲಿಪರ್ ಹಿಡಿದು ತೋರಿಸಿದ ಮೇಲೆ "ಹೌದಲ್ಲ" ಎಂದು ನಕ್ಕರು. ಒಳಗೆ ಟೊಳ್ಳಾಗಿರುವ ತೋಳುಗಳನ್ನಂತೂ ಯಾರೂ ಕೊರೆಯಲು ಹೋಗಬೇಡಿ.

ಆಮೇಲೆ ಹುಡುಕಾಟ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ 170 ಮತ್ತು 172.5 ಇತ್ತು, 165 "ಆರ್ಡರ್ ಹಾಕಿದ್ರೆ ಬರುತ್ತೆ" ಎಂದರು. ಯಾವಾಗ ಎಂದು ಹೇಳಲಿಲ್ಲ. ಹೊರದೇಶದಿಂದ ತರಿಸಲು ನೋಡಿದೆ. ಕೊರಿಯರ್‌ನವರು ಕೆವೈಸಿಗೆ ಆಧಾರ್ ಅಥವಾ ಪ್ಯಾನ್ ಕೇಳುತ್ತಾರೆ, ಅದು ಸಮಸ್ಯೆಯಲ್ಲ. ಸಾಗಣೆ, ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ ಸೇರಿಸಿದರೆ ಅಗ್ಗ ಅನಿಸಿದ್ದು ದುಬಾರಿಯಾಯಿತು. ಕೊನೆಗೆ ದೇಶದೊಳಗಿನ ಒಬ್ಬ ಆನ್‌ಲೈನ್ ಮಾರಾಟಗಾರನ ಬಳಿ 165 ಎಂದು ಹಾಕಿತ್ತು. ತರಿಸಿದೆ. ಡಬ್ಬಿಯ ಮೇಲಿನ ಚೀಟಿಯಲ್ಲೂ 165. ತೋಳು ಹೊರತೆಗೆದು ಒಳಮುಖ ತಿರುಗಿಸಿದರೆ, ಪೆಡಲ್ ತೂತಿನ ಪಕ್ಕದಲ್ಲಿ ಸಣ್ಣಗೆ 170 ಎಂದು ಅಚ್ಚಾಗಿದೆ!

ವಾಪಸಾತಿಗೆ ಡಬ್ಬಿ ಬಿಚ್ಚುವ ವಿಡಿಯೊ ಬೇಕು ಎಂದರು. ಪುಣ್ಯಕ್ಕೆ ಮಗಳು ಅಭ್ಯಾಸಬಲದಿಂದ ಮೊಬೈಲ್ ಹಿಡಿದು ನಿಂತಿದ್ದಳು. ಆದರೂ "ಅಚ್ಚು ಸ್ಪಷ್ಟವಾಗಿಲ್ಲ", "ಬಿಲ್ ಕಾಪಿ ಮತ್ತೆ ಕಳಿಸಿ", "ವೇರ್‌ಹೌಸ್‌ನವರು ನೋಡ್ಬೇಕು" ಎಂದು ವಾರಗಟ್ಟಲೆ ಎಳೆದರು. ಆ ಅವಧಿಯಲ್ಲಿ ನನಗೆ ಬಂದ ಸಿಟ್ಟು ಬರೆಯುವಂಥದ್ದಲ್ಲ. ಕೈಯಲ್ಲಿ ವಸ್ತುವೂ ಇಲ್ಲ, ದುಡ್ಡೂ ಇಲ್ಲ, ಹೊರಗೆ ಬಿಡದೆ ಮಳೆ. ನೀವು ತರಿಸುವುದಾದರೆ ಮೂರು ಕೆಲಸ ಮಾಡಿ: ಕಳಿಸುವ ಮುಂಚೆಯೇ ತೋಳಿನ ಹಿಂಬದಿಯ ಅಚ್ಚಿನ ಫೋಟೊ ಕೇಳಿ, ಡಬ್ಬಿಯ ಅಂಟು ಕಿತ್ತಾಗಿನಿಂದ ಅಚ್ಚು ಕಾಣುವವರೆಗೆ ವಿಡಿಯೊ ನಿಲ್ಲಿಸಬೇಡಿ, ಪೆಡಲ್ ಹಾಕಿ ನೋಡಬೇಡಿ. ಪೆಡಲ್ ತಿರುಗಿಸಿದ ಗುರುತು ಬಿದ್ದರೆ ಬಳಸಿದ ಮಾಲು ಅಂದುಬಿಡುತ್ತಾರೆ. ಕೊನೆಗೂ ದುಡ್ಡು ವಾಪಸ್ ಬಂತು. ಅಷ್ಟರಲ್ಲಿ ನಗರದ ಅಂಗಡಿಗೆ ಹೇಳಿಟ್ಟಿದ್ದ 165ರ ತೋಳೂ ಬಂತು. ಅಲ್ಲೇ, ಕೌಂಟರಿನ ಮೇಲೆ, ಅಚ್ಚು ನೋಡಿ ಹಣ ಕೊಟ್ಟೆ.

ಕ್ರ್ಯಾಂಕ್ ಬಂದ ಮಾತ್ರಕ್ಕೆ ಕೂರುವುದಿಲ್ಲ. ನನ್ನ ಹಳೆಯದು ಚೌಕ ತುದಿಯ ಆಕ್ಸಲ್‌ದು. ಹೊಸದರಲ್ಲಿ 24 ಮಿಮೀ ದಪ್ಪದ ಟೊಳ್ಳು ಆಕ್ಸಲ್ ಬಲತೋಳಿಗೇ ಅಂಟಿಕೊಂಡು ಬರುತ್ತದೆ. ಹಾಗಾಗಿ ಫ್ರೇಮಿನೊಳಗಿನ ಬೇರಿಂಗ್, ಅಂದರೆ ಬಿಬಿಯನ್ನೂ ಬದಲಿಸಬೇಕು. ನಿಮ್ಮ ಫ್ರೇಮಿನ ಆ ಕೊಳವೆ ಎಂಥದ್ದು ಎಂದು ಮೊದಲೇ ನೋಡಿ. ನನ್ನದು 68 ಮಿಮೀ ಅಗಲದ, ಥ್ರೆಡ್ ಇರುವ ಬಿಎಸ್‌ಎ ಮಾದರಿ. ಇದಕ್ಕೆ ಬಿಬಿ ಸುಲಭವಾಗಿ ಸಿಗುತ್ತದೆ. ಒತ್ತಿ ಕೂರಿಸುವ ಪ್ರೆಸ್‌ಫಿಟ್ ಮಾದರಿಯಾದರೆ ಬೇರೆ ಬಿಬಿ, ಬೇರೆ ಹತ್ಯಾರ.

ಹಳೆಯದನ್ನು ಬಿಚ್ಚುವುದೇ ದೊಡ್ಡ ಯುದ್ಧವಾಯಿತು. ಎಡತೋಳು ಸುಲಭವಾಗಿ ಬಂತು. ಬಲತೋಳಿನಲ್ಲಿ ಕ್ರ್ಯಾಂಕ್ ಪುಲ್ಲರ್ (ತೋಳನ್ನು ಎಳೆದು ಕಳಚುವ ಹತ್ಯಾರ) ಕಚ್ಚುವ ಥ್ರೆಡ್ಡೇ ಇರಲಿಲ್ಲ, ಹಿಂದೆ ಯಾರೋ ಪುಲ್ಲರನ್ನು ಅರ್ಧ ತಿರುಗಿಸಿ ಎಳೆದು ಕಿತ್ತಿದ್ದರು. ಹೊಳೆಯುವ ದೊಡ್ಡ ಅಂಗಡಿಯೊಂದರಲ್ಲಿ "ಕಟ್ ಮಾಡ್ಬೇಕು, ಫ್ರೇಮಿಗೆ ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ" ಎಂದು ಕಾಗದಕ್ಕೆ ಸಹಿ ಕೇಳಿದರು. ಸೈಕಲ್ ಹಿಡಿದುಕೊಂಡು ಹೊರಬಂದೆ.

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಹಳೇ ಸೈಕಲ್ ಶಾಪೊಂದಿದೆ. ಯಜಮಾನರಿಗೆ ಎಪ್ಪತ್ತರ ಹತ್ತಿರ. ಹಳೇ ಸೈಕಲ್‌ಗಳ ತೋಳನ್ನು ಹಿಡಿದಿಡುವ ಕಾಟರ್ ಪಿನ್ ಹೊಡೆದು ತೆಗೆಯುವುದರಲ್ಲೇ ಆಯಸ್ಸು ಕಳೆದವರು. ನನ್ನ ಬೈಕಿನ ಗೇರುಗಳನ್ನು ಅನುಮಾನದಿಂದಲೇ ನೋಡಿದರು.

"ಯಜಮಾನ್ರೇ, ಈ ತೋಳು ಬರ್ತಾ ಇಲ್ಲ."

"ಬರ್ದೇ ಎಲ್ಲಿಗ್ ಹೋಗುತ್ತಮ್ಮಾ. ಅವಸರ ಮಾಡ್ಬಾರ್ದು ಅಷ್ಟೆ."

ಎದುರಿನ ಬೈಕ್ ಗ್ಯಾರೇಜಿನಿಂದ ಎರಡು ಕಾಲಿನ ಬೇರಿಂಗ್ ಪುಲ್ಲರ್ ತರಿಸಿದರು. ಹಳೇ ಟ್ಯೂಬಿನ ತುಂಡುಗಳನ್ನು ಕತ್ತರಿಸಿ ಪುಲ್ಲರಿನ ಕೊಕ್ಕೆಗಳಿಗೆ ಸುತ್ತಿ, ಹಲ್ಲುಚಕ್ರವನ್ನು ಹಿಡಿದಿರುವ ಕವಲುಗಳಿಗೆ ಹಿಂಬದಿಯಿಂದ ಸಿಕ್ಕಿಸಿದರು. ನಡುವಿನ ಬೋಲ್ಟು ಆಕ್ಸಲ್ ತುದಿಗೆ ತಾಗಿ ಬಿಗಿಯಾದ ಮೇಲೆ ಕೈಬಿಟ್ಟು ಬೀಡಿ ಹಚ್ಚಿಕೊಂಡರು. ಪಕ್ಕದ ಟೀ ಅಂಗಡಿಯಿಂದ ಬಿಸಿನೀರಿನ ಕೆಟಲ್ ಬಂತು. ತೋಳಿನ ಮೇಲಷ್ಟೇ ಸಣ್ಣ ಧಾರೆಯಾಗಿ ಸುರಿದರು. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತದಲ್ಲ. ಸ್ಪ್ಯಾನರಿಗೆ ಕಾಲು ಸುತ್ತು, ಮತ್ತೆ ನೀರು, ಮತ್ತೆ ಕಾಲು ಸುತ್ತು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ 'ಠಣ್' ಎಂದು ಗುಂಡು ಹೊಡೆದಂಥ ಸದ್ದಾಗಿ ತೋಳು ಅವರ ತೊಡೆಯ ಮೇಲೆ ಬಿತ್ತು. ನನಗೆ ಫ್ರೇಮೇ ಸೀಳಿತು ಅನಿಸಿ ಎದೆ ಹಾರಿತು. ಅವರು ಬೀಡಿ ತೆಗೆಯಲೂ ಇಲ್ಲ.

ಬಿಬಿ ಬಿಚ್ಚುವ ಹಲ್ಲಿನ ಸಾಕೆಟ್ ಅವರಲ್ಲಿ ಇರಲಿಲ್ಲ, ನಾನೇ ಕೊಂಡು ಒಯ್ದಿದ್ದೆ. ಬಲಗಡೆಯದು ಉಲ್ಟಾ ಥ್ರೆಡ್ ಎಂದು ಹೇಳಲು ಬಾಯಿ ತೆಗೆದೆ. "ಬಿಎಸ್‌ಎ ಅಲ್ವೇನಮ್ಮಾ, ಗೊತ್ತು" ಎಂದರು. ಸಾಕೆಟ್ ಜಾರದಂತೆ ಆಕ್ಸಲ್‌ಗೆ ಬೋಲ್ಟು, ವಾಷರ್ ಹಾಕಿ ಬಂಧಿಸಿ, ಸ್ಪ್ಯಾನರಿಗೆ ಉದ್ದದ ಪೈಪು ಸೇರಿಸಿ ಮೈಭಾರ ಬಿಟ್ಟರು. ಬಿಬಿ ಹೊರಬಂದಾಗ ಫ್ರೇಮಿನೊಳಗಿನಿಂದ ತುಕ್ಕಿನ ಕೆಂಪುನೀರು ಒಂದು ಲೋಟದಷ್ಟು ಸುರಿಯಿತು. ಕೆಳಗೆ ನೀರು ಹೋಗಲೆಂದು ಇಟ್ಟಿದ್ದ ಸಣ್ಣ ತೂತು ಮಣ್ಣು ಕಟ್ಟಿಕೊಂಡು ಮುಚ್ಚಿತ್ತು. ಥ್ರೆಡ್ಡುಗಳನ್ನು ಸೀಮೆಎಣ್ಣೆ, ಹಳೇ ಬ್ರಷ್ಷಿನಿಂದ ತೊಳೆದು ಗ್ರೀಸ್ ಹಚ್ಚಿ ಕೊಟ್ಟರು. ಇನ್ನೂರು ರೂಪಾಯಿ ಕೇಳಿದರು. ಐನೂರು ಕೊಟ್ಟದ್ದಕ್ಕೆ ಮುನ್ನೂರು ವಾಪಸ್ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ.

ಹೊಸದನ್ನು ಮನೆಯಲ್ಲೇ ಕೂರಿಸಿದೆ, ಅದು ನಿಜಕ್ಕೂ ಸುಲಭ. ಬಿಬಿಯ ಎರಡು ಕಪ್ಪುಗಳನ್ನು ಗ್ರೀಸ್ ಹಚ್ಚಿ ಮೊದಲು ಕೈಯಿಂದಲೇ ಹಲವು ಸುತ್ತು ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಾಕಿ. ಬಲಗಡೆಯಿಂದ ಆಕ್ಸಲ್ ತೂರಿಸಿ, ಎಡತೋಳು ಕೂರಿಸಿ, ಪ್ಲಾಸ್ಟಿಕ್ ಮುಚ್ಚಳವನ್ನು ಬೆರಳಿನ ಬಿಗಿಯಷ್ಟೇ ತಿರುಗಿಸಿ. ಅಲ್ಲಿ ಜೋರು ಮಾಡಿದರೆ ಬೇರಿಂಗ್ ಸಾಯುತ್ತದೆ. ಆಮೇಲೆ ಸಣ್ಣ ಸುರಕ್ಷತಾ ಪಟ್ಟಿಯನ್ನು ಒಳಗೆ ಒತ್ತಿ, ತೋಳಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ 12ರಿಂದ 14 ನ್ಯೂಟನ್ ಮೀಟರ್‌ವರೆಗೆ ಬಿಗಿಯಿರಿ. ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ತೋರಿಸುವ ಸ್ಪ್ಯಾನರ್) ಇಲ್ಲದಿದ್ದರೆ ಯಾರಲ್ಲಾದರೂ ಎರವಲು ತನ್ನಿ.

ಸುಲಭವಾಗದೆ ಉಳಿದದ್ದು ಮುಂದಿನ ಡಿರೇಲರ್. ಜಿಆರ್‌ಎಕ್ಸ್ ಕ್ರ್ಯಾಂಕ್‌ಗಳಲ್ಲಿ ಹಲ್ಲುಚಕ್ರಗಳು ರೋಡ್ ಕ್ರ್ಯಾಂಕ್‌ಗಿಂತ 2.5 ಮಿಮೀ ಹೊರಗೆ ಕೂರುತ್ತವೆ, ಅದಕ್ಕೆ ಜಿಆರ್‌ಎಕ್ಸ್‌ನದೇ ಡಿರೇಲರ್ ಹಾಕಿ ಅನ್ನುತ್ತದೆ ಕಂಪನಿ. ನನ್ನದು ಹಳೇ ಸೋರಾ, ಕ್ರ್ಯಾಂಕ್ ಹತ್ತು ಸ್ಪೀಡಿನದು, ಚೈನು ಒಂಬತ್ತರದು. ಕಾಗದದ ಮೇಲೆ ಇದಾವುದೂ ಕೂಡುವುದಿಲ್ಲ. ನಾಲ್ಕು ಹಲ್ಲು ಕಡಿಮೆಯಾದರೆ ಚಕ್ರದ ಅಂಚು 8 ಮಿಮೀ ಕೆಳಗೆ ಇಳಿಯುತ್ತದೆ, ಡಿರೇಲರನ್ನೂ ಅಷ್ಟೇ ಇಳಿಸಬೇಕು. ನನ್ನದು ಕೊಳವೆಗೆ ಪಟ್ಟಿ ಸುತ್ತಿ ಬಿಗಿಯುವ ಮಾದರಿ, ಜಾರಿಸಿ ಇಳಿಸಿದೆ. ಫ್ರೇಮಿಗೇ ಬೆಸೆದ ಕೊಕ್ಕೆಗೆ ಕೂರುವ ಮಾದರಿಯವರಿಗೆ ಅಷ್ಟು ಇಳಿಸಲು ಸೀಳಿನಲ್ಲಿ ಜಾಗ ಸಾಲದಿರಬಹುದು, ಕ್ರ್ಯಾಂಕ್ ಕೊಳ್ಳುವ ಮುಂಚೆಯೇ ಸ್ಕೇಲ್ ಹಿಡಿದು ನೋಡಿ. ಹೊರಮಿತಿಯ ಸ್ಕ್ರೂವನ್ನು ಹೆಚ್ಚುಕಡಿಮೆ ಪೂರ್ತಿ ಸಡಿಲಿಸಿದ ಮೇಲೆ ಚೈನು 46ಕ್ಕೆ ಹತ್ತಿತು. ಸ್ವಲ್ಪ ತಡವಾಗಿ, ಗೊಣಗುತ್ತಾ ಹತ್ತುತ್ತದೆ. ಮುಂದೆ 30, ಹಿಂದೆ 11 ಹಾಕಿದರೆ ಚೈನು ದೊಡ್ಡ ಚಕ್ರಕ್ಕೆ ಉಜ್ಜುತ್ತದೆ. ಆ ಜೋಡಿ ಬಳಸುವ ಅಗತ್ಯವೇ ಇಲ್ಲ. ಚೈನಿನ ಉದ್ದ ಬದಲಿಸಬೇಕಾಗಲಿಲ್ಲ: ಮುಂದೆ ನಾಲ್ಕು ಹಲ್ಲು ಕಳೆದು ಹಿಂದೆ ಎರಡು ಸೇರಿದರೆ ವ್ಯತ್ಯಾಸ ಅರ್ಧ ಇಂಚು, ಚೈನು ಕಡಿಮೆ ಮಾಡುವುದಾದರೆ ಒಂದಿಂಚಿನ ಲೆಕ್ಕದಲ್ಲೇ ಮಾಡಬೇಕು.

ಖರ್ಚು: ಕ್ರ್ಯಾಂಕ್‌ಸೆಟ್ ಹನ್ನೊಂದೂವರೆ ಸಾವಿರ, ಬಿಬಿ ಸಾವಿರದ ಆರುನೂರು, ಕ್ಯಾಸೆಟ್ ಮತ್ತು ಚೈನು ಸೇರಿ ಮೂರು ಸಾವಿರದ ಮೇಲೆ, ಹತ್ಯಾರಗಳಿಗೆ ಒಂದು ಸಾವಿರ. ಓಡಾಟ, ಕೊರಿಯರ್ ಸೇರಿಸಿದರೆ ಹದಿನೆಂಟು ಸಾವಿರ ಮುಟ್ಟಿತು. ಜಿಆರ್‌ಎಕ್ಸ್ ಡಿರೇಲರ್ ಬೇಕಾಗಿದ್ದರೆ ಇನ್ನೂ ಕೆಲವು ಸಾವಿರ.

ನಂದಿಯ ಕೊನೆಯ ತಿರುವುಗಳಲ್ಲಿ ನನ್ನ ವೇಗ ಈಗಲೂ ಏಳೇ. ಆದರೆ ಕೂತೇ ಹತ್ತುತ್ತೇನೆ, ಸೀಟಿನಿಂದ ಏಳಬೇಕಾಗುತ್ತಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿ ಪೂರ್ತಿ ಸುಮ್ಮನಾಗಿಲ್ಲ, ಮೊದಲಿನಷ್ಟು ಕೂಗುವುದಿಲ್ಲ. ತೋಳು ಚಿಕ್ಕದಾದದ್ದು ಮೊದಲ ಕೆಲವು ಸವಾರಿಗಳಲ್ಲಿ ಕಾಲಿಗೆ ವಿಚಿತ್ರ ಅನಿಸಿತು, ಆಮೇಲೆ ಮರೆತೇಹೋಯಿತು. ನೀವು ಹಾಕಿಸಿಕೊಂಡರೆ ಸೀಟು ಏರಿಸದೆ ಅಭಿಪ್ರಾಯ ಹೇಳಬೇಡಿ. ಮೊದಲ ಒಂದೆರಡು ಸವಾರಿ ಆದ ಮೇಲೆ ಎಡತೋಳಿನ ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ. ನನ್ನದರಲ್ಲಿ ಒಂದು ಬೋಲ್ಟು ಸ್ವಲ್ಪ ತಿರುಗಿತು.